ಅಮೆರಿಕದ ಜಗಳ, ಧಾರವಾಡದ ಹತ್ತಿ

ಮೊನ್ನೆ ಗದಗ ಎಪಿಎಂಸಿ ಹತ್ತಿರ ಮಾವನ ಜೊತೆ ಚಹಾ ಕುಡಿಯುತ್ತಾ ಕೂತಿದ್ದೆ. ಅವರ ಮೊಬೈಲಿನಲ್ಲಿ ಸುಡಾನ್ ಯುದ್ಧದ ವಿಡಿಯೋ ಓಡುತ್ತಿತ್ತು. "ಇದೆಲ್ಲಾ ಹೊರಗಿನ ರೊಕ್ಕದವರ ಆಟ ತಗೋಪಾ" ಅಂದರು. ಅವರ ಗ್ರೂಪಿನಲ್ಲಿ ಅದಕ್ಕೂ ದೊಡ್ಡ ಫಾರ್ವರ್ಡ್ ಬಂದಿತ್ತು. ಅಮೆರಿಕದ ಅಂತರ್ಯುದ್ಧ ಹಚ್ಚಿದ್ದೇ ಯುರೋಪಿನ ಒಂದು ಬ್ಯಾಂಕ್ ಮನೆತನ ಅಂತೆ.

ಇದು ಸುಳ್ಳು. 1861ರ ಆ ಯುದ್ಧಕ್ಕೆ ಕಾರಣ ಗುಲಾಮಗಿರಿ. ಅದನ್ನು ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ಬೇರೆಯಾದವು, ಉತ್ತರದವರು ಅವರ ವಿರುದ್ಧ ನಿಂತರು. ಹಚ್ಚಿದವರು ಅಲ್ಲಿಯವರೇ. ಉತ್ತರದವರು ತಮ್ಮ ಖರ್ಚಿಗೆ ಸಾಲ ಎತ್ತಿದ್ದೂ ಬಹುಪಾಲು ತಮ್ಮ ಜನರಿಂದಲೇ. ಜೇ ಕುಕ್ ಅನ್ನುವ ಬ್ಯಾಂಕರ್ ಸಣ್ಣಪುಟ್ಟ ಜನರಿಗೂ ಸರ್ಕಾರಿ ಬಾಂಡ್ ಮಾರಿದ. ಹಾಗಂತ ಹೊರಗಿನವರು ಸಾಚಾ ಅಂತಲ್ಲ. ಹಚ್ಚಿದವರು ಬೇರೆ, ಉರಿಯೋ ಮನೆಯ ಗಳ ಹಿರಿದವರು ಬೇರೆ.

ಗಳ ಹಿರಿದವರ ಕತೆ ನಮ್ಮ ದಲಾಲಿ ಅಂಗಡಿಯಲ್ಲಿ ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ. 1863ರ ಮಾರ್ಚಿನಲ್ಲಿ ಪ್ಯಾರಿಸ್‌ನ ಎರ್ಲಾಂಜೆ ಕಂಪನಿ ದಕ್ಷಿಣದವರಿಗಾಗಿ 30 ಲಕ್ಷ ಪೌಂಡ್ ಸಾಲಪತ್ರ ಮಾರಾಟಕ್ಕಿಟ್ಟಿತು. ಬಡ್ಡಿ ನೂರಕ್ಕೆ 7. ಬೇಕೆಂದರೆ ರೊಕ್ಕದ ಬದಲು ಹತ್ತಿ, ಅದೂ ಒಂದು ಪೌಂಡ್ ತೂಕಕ್ಕೆ 6 ಪೆನ್ಸ್ ಲೆಕ್ಕದಲ್ಲಿ! ಲಿವರ್‌ಪೂಲ್‌ನಲ್ಲಿ ಆಗ ಹತ್ತಿ ಬೆಲೆ 20 ಪೆನ್ಸ್ ದಾಟಿತ್ತು. ಜನ ಮುಗಿಬಿದ್ದರು. ಆದರೆ ಯುದ್ಧ ಮುಗಿಯೋ ಮೊದಲೇ ಹತ್ತಿ ಬೇಕಂದ್ರೆ ದಕ್ಷಿಣದ ನಾಡಿನೊಳಗೇ ಹೋಗಿ ತಗೋಬೇಕು. ಹೊರಗೆ ಸಮುದ್ರದಲ್ಲಿ ಉತ್ತರದವರ ಯುದ್ಧಹಡಗುಗಳ ಕಾವಲು. ಕೆಲವೇ ದಿನದಲ್ಲಿ ಸಾಲಪತ್ರದ ಬೆಲೆ ಇಳಿಯತೊಡಗಿತು. ಆಗ ದಕ್ಷಿಣದವರು ತಮ್ಮ ಸಾಲಪತ್ರವನ್ನು ತಾವೇ ಗುಟ್ಟಾಗಿ ಕೊಂಡು ರೇಟು ಎತ್ತಿ ಹಿಡಿದರು. ಲಿಲಾವಿನಲ್ಲಿ ತನ್ನ ಮಾಲಿಗೆ ತಾನೇ ಬೆಲೆ ಕೂಗುವವರನ್ನು ನಾವು ನೋಡಿಲ್ವಾ? ಕೊನೆಗೆ ದಕ್ಷಿಣ ಸೋತಿತು. 1868ರಲ್ಲಿ ಅಮೆರಿಕ ತನ್ನ ಸಂವಿಧಾನದಲ್ಲೇ ಆ ಸಾಲ ತೀರಿಸುವುದಿಲ್ಲ ಅಂತ ಬರೆದುಕೊಂಡಿತು. ಕಾಗದ ಹಿಡಿದವರಿಗೆ ಕಾಗದವೇ ಉಳಿಯಿತು.

ಬ್ರಿಟನ್ನಿನ ನಾಟಕ ಇನ್ನೂ ಚೆಂದ. 1861ರ ಮೇ ತಿಂಗಳಲ್ಲೇ "ನಾವು ತಟಸ್ಥ" ಅಂದಿತು. ಆದರೂ ದಕ್ಷಿಣದವರ ಅಲಬಾಮಾ ಯುದ್ಧಹಡಗು ತಯಾರಾಗಿದ್ದು ಬ್ರಿಟನ್ನಿನದೇ ಊರಾದ ಬರ್ಕನ್‌ಹೆಡ್‌ನಲ್ಲಿ. ಹೊರಡುವಾಗ ಅದರಲ್ಲಿ ತೋಪು ಇರಲಿಲ್ಲ. ತೋಪು ಏರಿಸಿದ್ದು ಅಜೋರ್ಸ್ ದ್ವೀಪದ ಹತ್ತಿರ. ಕಾನೂನು ಮುರಿಯಲಿಲ್ಲ, ಬಗ್ಗಿಸಿದರು ಅಷ್ಟೇ! 1872ರಲ್ಲಿ ಜಿನೀವಾದ ಪಂಚರು ಇಂಥ ಹಡಗುಗಳು ಮಾಡಿದ ಹಾನಿಗೆ ಬ್ರಿಟನ್ ಅಮೆರಿಕಕ್ಕೆ 155 ಲಕ್ಷ ಡಾಲರ್ ಕಟ್ಟಬೇಕು ಅಂತ ತೀರ್ಪು ಕೊಟ್ಟರು.

ಇಷ್ಟು ಕೇಳಿ ಮಾವ ಖುಷಿಯಾದರು. "ನಾ ಹೇಳಲಿಲ್ಲಾ?" ಅಂದರು. ಆಗ ನಾನು ನಮ್ಮ ಎರಿ ಹೊಲಕ್ಕೆ ಬಂದೆ.

ಅಮೆರಿಕದ ಹತ್ತಿ ನಿಂತಾಗ ಬ್ರಿಟನ್ನಿನ ಲ್ಯಾಂಕಷೈರ್ ಗಿರಣಿಗಳು ಕಣ್ಣು ಹಾಕಿದ ಊರುಗಳಲ್ಲಿ ನಮ್ಮದೂ ಒಂದು. 1840ರ ದಶಕದಲ್ಲೇ ಅಮೆರಿಕದ ಬೀಜ ತಂದು ಇಲ್ಲಿ ಬಿತ್ತಿಸಿದ್ದರು. ಪೇಟೆಯಲ್ಲಿ ಅದರ ಹೆಸರೇ "ಧಾರವಾಡ ಅಮೆರಿಕನ್". ನಮ್ಮ ನಾಟಿ ಹತ್ತಿಗೆ "ಕುಮಟಾ" ಅನ್ನುತ್ತಿದ್ದರು. ಅದು ಬೆಳೆದದ್ದು ಇಲ್ಲಿ, ಹೆಸರು ಮಾತ್ರ ಹಡಗು ಏರಿದ ಬಂದರಿನದು. ರೈಲು ಇಲ್ಲದ ಕಾಲ, ಎಲ್ಲಾ ಎತ್ತಿನ ಮೇಲೆ ಘಟ್ಟ ಇಳಿಯಬೇಕು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿ, ಕಾರವಾರ ಬಂದರು ಇದ್ದವು. ರೇಟು ಏರಿದ ಮೇಲೆ ಕಲಬೆರಕೆಯೂ ಏರಿತು. ಅದನ್ನು ತಡೆಯಲು 1863ರಲ್ಲಿ ಮುಂಬೈ ಸರ್ಕಾರ ಕಾನೂನನ್ನೇ ತರಬೇಕಾಯಿತು. ನಮ್ಮವರೇನು ಕಡಿಮೆ ಇರಲಿಲ್ಲ!

ಮುಂಬೈಯಲ್ಲಿ ಹತ್ತಿ ರೊಕ್ಕ ಶೇರಿಗೆ ಸುರಿಯಿತು. ಪ್ರೇಮಚಂದ್ ರಾಯ್‌ಚಂದ್ ಅದರ ದೊಡ್ಡ ಕುಳ. 1865ರ ಏಪ್ರಿಲ್‌ನಲ್ಲಿ ದಕ್ಷಿಣದ ಸೇನಾಪತಿ ಜನರಲ್ ಲೀ ಶರಣಾದ. ಬೇಸಿಗೆ ಕಳೆಯುವಷ್ಟರಲ್ಲಿ ಆ ಶೇರಿನ ಕಂಪನಿಗಳು ಉರುಳಿದವು. 1868ರಲ್ಲಿ ಬ್ಯಾಂಕ್ ಆಫ್ ಬಾಂಬೆಯೂ ಮುಚ್ಚಿತು. ಹತ್ತಿ ಬೆಲೆ ಬಿದ್ದ ಪೆಟ್ಟು ರೈತನ ಹೊಲದ ತನಕ ಬಂತು.

"ಅಂದ್ರ ಆ ಯುದ್ಧದ ರೊಕ್ಕ ನಮ್ಮ ಹಿರಿಯರೂ ಉಂಡಾರ ಅಂತೀ?" ಮಾವ ಕೇಳಿದರು. ಅವರ ದನಿಯಲ್ಲಿ ಸ್ವಲ್ಪ ಸಿಟ್ಟಿತ್ತು.

"ಹೂಂ ಮಾವಾ, ನಾಲ್ಕು ವರ್ಷ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕಡೀಕ ರೇಟು ಎಷ್ಟಕ್ಕ ಇಳೀತು?" ಅಂತ ಕೇಳಿ, ಉತ್ತರಕ್ಕೂ ಕಾಯದೆ ತಮ್ಮ ಅಂಡಿಗೆ ಎಣಿಸಲು ಎದ್ದು ಹೋದರು.