ಹಗ್ಗ ಬೇಡದ ಬೆಟ್ಟ

ಚಿತ್ರದುರ್ಗದವರಿಗೆ ಬೆಟ್ಟದ ಭಯ ಹುಟ್ಟಿನಿಂದಲೇ ಇಲ್ಲ. ಏಳು ಸುತ್ತಿನ ಕೋಟೆಯನ್ನು ಹವಾಯಿ ಚಪ್ಪಲಿಯಲ್ಲೇ ಹತ್ತಿ, ಓಬವ್ವನ ಕಿಂಡಿಯಲ್ಲಿ ಹೊಟ್ಟೆ ಒಳಗೆಳೆದು ನುಸುಳಿ, ಮಧ್ಯಾಹ್ನದ ಊಟಕ್ಕೆ ಮನೆ ಸೇರುವ ಜನ. ಇವರ ಮುಂದೆ "ಆಫ್ರಿಕಾದ ಕಿಲಿಮಂಜಾರೋ ಬೆಟ್ಟಕ್ಕೆ ಹಗ್ಗ ಬೇಡ, ನಡೆದರಾಯ್ತು" ಅಂದರೆ ಮುಗೀತು. ದಾವಣಗೆರೆಯ ಬೀಗರಿಗೂ ಫೋನ್ ಹೋಗುತ್ತದೆ. ಅವರೋ ದಿನಾ ಕುಂದವಾಡ ಕೆರೆ ಏರಿ ಸುತ್ತುವವರು. ಆ ಏರಿಯಲ್ಲಿ ಏರು ಅನ್ನುವುದು ಹೆಸರಲ್ಲಷ್ಟೇ ಇದೆ.

ನಡೆದರಾಯ್ತು, ನಿಜ. ಆದರೆ 5,895 ಮೀಟರ್ ಎತ್ತರಕ್ಕೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧ, ಹಾಗಾಗಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಅರ್ಧ. ಅರ್ಧ ಬೆಣ್ಣೆದೋಸೆ ಕೊಟ್ಟು ಪೂರ್ತಿ ಬಿಲ್ ಹಾಕಿದ ಹಾಗೆ.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು ಎಂಬುದು ವೈದ್ಯರ ಲೆಕ್ಕ. ಕಿಲಿಮಂಜಾರೋ ಹತ್ತುವ ಮರಂಗು ದಾರಿಗೆ ಈ ಲೆಕ್ಕ ಯಾರೂ ಹೇಳಿದಂತಿಲ್ಲ: ಮಂದಾರಾ ತಂಗುದಾಣ 2,720, ಹೊರೊಂಬೊ 3,720, ಕಿಬೊ 4,720. ದಿನಕ್ಕೆ ಸಾವಿರ! ಅದಕ್ಕೇ ಹೊರೊಂಬೊದಲ್ಲಿ ಒಂದು ದಿನ ಹೆಚ್ಚಿಗೆ ಇದ್ದು, ಮೇಲಕ್ಕೆ ಹತ್ತಿ ಇಳಿದು, ಅಲ್ಲೇ ಮಲಗಬೇಕು. ದುಡ್ಡು ಉಳಿಸುವವರು ಮೊದಲು ಕತ್ತರಿ ಹಾಕುವುದು ಈ ದಿನಕ್ಕೇ.

ಗೈಡು "ಪೊಲೆ ಪೊಲೆ" ಅನ್ನುತ್ತಿರುತ್ತಾನೆ. ಸ್ವಾಹಿಲಿಯಲ್ಲಿ ನಿಧಾನ, ನಿಧಾನ. ಮಾತಾಡುತ್ತಾ ನಡೆಯಲು ಆಗುತ್ತಿದ್ದರೆ ವೇಗ ಸರಿಯಿದೆ ಅಂತ. ದಾವಣಗೆರೆ ಬೀಗರು ಮಾತು ನಿಲ್ಲಿಸಿದರೆ ಗುಂಪು ತಕ್ಷಣ ಕೂರಬೇಕು.

ತಲೆನೋವು, ವಾಕರಿಕೆ ಬಂದರೆ ನಮ್ಮವರದು ಒಂದೇ ರೋಗನಿರ್ಣಯ: "ಗ್ಯಾಸ್ಟ್ರಿಕ್ ಕಣ್ರೀ." ಗ್ಯಾಸ್ಟ್ರಿಕ್ ಅಲ್ಲ, ಎತ್ತರದ ಕಾಯಿಲೆ. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆ ಮೇಲೆ ನಡೆಸಿ ನೋಡಬೇಕು. ಓಲಾಡಿದರೆ ಮಿದುಳು ಊದಿಕೊಳ್ಳುತ್ತಿದೆ ಎಂದೇ ತಿಳಿಯಬೇಕು. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು. ಎರಡಕ್ಕೂ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ, ಆಗಲೇ ಕೆಳಗಿಳಿಸಬೇಕು.

ಈ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆ ವೈದ್ಯರನ್ನು ಕೇಳಿಯೇ ನುಂಗಬೇಕು. ಬೆರಳು ಜುಮ್ಮೆನ್ನುತ್ತವೆ, ಮೂತ್ರ ಹೆಚ್ಚುತ್ತದೆ. ತಂಗುದಾಣದಲ್ಲಿ ಮೇಲಿನ ಅಟ್ಟಣೆ ಮಂಚ ಗೆದ್ದವನ ಸಂಭ್ರಮ ರಾತ್ರಿ ಒಂದಕ್ಕೆ ಮುಗಿಯುತ್ತದೆ: ಮಲಗುಚೀಲದ ಜಿಪ್ಪು ಸಿಕ್ಕಿಕೊಂಡಿದೆ, ಟಾರ್ಚಿನ ಸೆಲ್ಲು ಚಳಿಗೆ ಸುಸ್ತಾಗಿದೆ, ಕೆಳಗೆ ಯಾರದೋ ತಲೆ, ಒಂದು ಶೂ ಮಾತ್ರ ಸಿಕ್ಕಿದೆ. ಸೆಲ್ಲನ್ನು ಮಲಗುಚೀಲದೊಳಗೇ ಇಟ್ಟುಕೊಳ್ಳಬೇಕಿತ್ತು.

ಕಿಬೊದಿಂದ ಶಿಖರದ ಹತ್ತುವಿಕೆ ನಡುರಾತ್ರಿಗೆ, ಒಂದೇ ಏಟಿಗೆ 1,175 ಮೀಟರ್. ನೀರಿನ ಬಾಟಲಿಯನ್ನು ಕಾಲುಚೀಲದೊಳಗೆ ತಲೆಕೆಳಗಾಗಿ ಇಡಬೇಕು. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಮುಚ್ಚಳ ಕಚ್ಚಿಕೊಳ್ಳುವುದಿಲ್ಲ. ಹತ್ತಿ ಬನಿಯನ್ ಬೆವರು ಹಿಡಿದಿಟ್ಟು ನಡುಗಿಸುತ್ತದೆ. ಅಜ್ಜಿ ಬಲವಂತಕ್ಕೆ ತುರುಕಿದ ಮಂಕಿ ಕ್ಯಾಪ್ ಒಂದೇ ಅಲ್ಲಿ ಮರ್ಯಾದೆ ಉಳಿಸುವುದು.

ಇಳಿಯುವಾಗ ಪಾದ ಮುಂದಕ್ಕೆ ಜಾರಿ ಶೂ ತುದಿಗೆ ಬಡಿಯುತ್ತದೆ. ಹೊರಡುವ ಮೊದಲೇ ಉಗುರು ಕತ್ತರಿಸಿ, ಲೇಸನ್ನು ಹರಡಿನ ಹತ್ತಿರ ಬಿಗಿಯದಿದ್ದರೆ ಹೆಬ್ಬೆರಳ ಉಗುರು ಕಪ್ಪು. ಊರಿಗೆ ಬಂದು ಶಿಖರದ ಫೋಟೋ ಮುಂದೆ ಹಿಡಿದರೆ ಎದುರುಮನೆಯವರ ಕಣ್ಣು ಚಪ್ಪಲಿ ಮೇಲೆ: "ಅಯ್ಯೋ, ಕಾಲಿಗೆ ಬಾಗಿಲು ಬಡೀತೇನ್ರೀ?"