ಯಜಮಾನಿಯ ಸಾಲಕ್ಕೆ ಯಜಮಾನರ ಸಹಿ ಯಾಕೆ?

ಬೆಳಗ್ಗೆಯಿಂದ ಮನಸ್ಸು ಸರಿಯಿಲ್ಲ. ಬರೆದು ಮುಗಿಸದೆ ಬೇರೆ ಕೆಲಸಕ್ಕೆ ಕೈ ಹೋಗುವುದಿಲ್ಲ, ಅದಕ್ಕೇ ಕೂತೆ.

ನಮ್ಮ ಬೀದಿಯಲ್ಲಿ ಸಾಂಬಾರ್ ಪುಡಿ, ಚಟ್ನಿಪುಡಿ, ಹುರಿಹಿಟ್ಟು ಮಾಡುವ ಹುಡುಗಿಯ ಬಗ್ಗೆ ಹಿಂದೆಯೂ ಇಲ್ಲಿ ಬರೆದಿದ್ದೆ, ಅಲ್ವಾ? ಇವತ್ತು ಅವಳ ಜೊತೆ ಹಾಸನದ ಒಂದು ಬ್ಯಾಂಕಿಗೆ ಹೋಗಿದ್ದೆ. ಉದ್ಯೋಗಿನಿ ಅಂತ, ಹೆಂಗಸರ ಸ್ವಂತ ಉದ್ಯೋಗಕ್ಕೆ ಸರ್ಕಾರದ ಸಬ್ಸಿಡಿ ಇರುವ ಸಾಲ, ಅದರ ವಿಷಯ. ಫೈಲು ಇನ್ನೂ ಬಿಚ್ಚಿರಲಿಲ್ಲ, ಮೇಜಿನ ಆಚೆಯವರು ಕೇಳಿದರು, "ಯಜಮಾನ್ರು ಬಂದಿಲ್ವಾ?"

ಅವಳ ಗಂಡ ಬೆಂಗಳೂರಿನಲ್ಲಿ ಗಾಡಿ ಓಡಿಸುತ್ತಾನೆ. ಹದಿನೈದು ದಿನಕ್ಕೊಮ್ಮೆ ಬಂದರೆ ಹೆಚ್ಚು.

"ಸಾಲ ನನಗೆ ಸರ್, ಕೆಲಸ ಮಾಡೋದೂ ನಾನೇ" ಎಂದಳು.

"ಅದೆಲ್ಲ ಸರಿ ಕಣಮ್ಮ, ಅವ್ರು ಬಂದು ಸಹಿ ಹಾಕ್ಲಿ, ಆಮೇಲೆ ನೋಡೋಣ."

ಅಷ್ಟೇ. ಪುಡಿಗೆ ಎಷ್ಟು ಖರ್ಚಾಗುತ್ತದೆ, ಎಷ್ಟಕ್ಕೆ ಮಾರುತ್ತೀಯ, ಯಾರು ಕೊಳ್ಳುತ್ತಾರೆ, ಒಂದೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು. ಈಗ ಅವಳು ಬೆಳಗ್ಗೆ ಮಿಲ್ಲಿನ ಬಾಗಿಲು ತೆಗೆಯುವ ಮುಂಚೆಯೇ ಡಬ್ಬಿ ಇಟ್ಟುಕೊಂಡು ನಿಲ್ಲುತ್ತಾಳೆ. ತಡವಾದರೆ ಅವಳ ಕೊತ್ತಂಬರಿಗೆ ಇನ್ನೊಬ್ಬರ ಮೆಣಸಿನಕಾಯಿ ಘಾಟು ಹತ್ತುತ್ತದೆ, ಹುರಿಹಿಟ್ಟಿಗಂತೂ ಹತ್ತಲೇಬಾರದು. ಅದಕ್ಕೇ ಸ್ವಂತದ್ದೊಂದು ಸಣ್ಣ ಪಲ್ವರೈಸರ್, ಅಂದರೆ ಪುಡಿ ಮಾಡುವ ಮಿಷನ್, ಬೇಕು. ಒಂದೂವರೆ ಲಕ್ಷದ ಕೊಟೇಶನ್ ತಂದಿದ್ದಾಳೆ. ನೂರು ರೂಪಾಯಿ ಕಟ್ಟಿ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿದ್ದಾಳೆ. ಪ್ಯಾಕೆಟ್ ಅಂಟಿಸುವ ಮಿಷನ್ನನ್ನು ಗೃಹಲಕ್ಷ್ಮಿ ಹಣ ಕೂಡಿಟ್ಟು ತಗೊಂಡಳು. ಅರಸೀಕೆರೆಗೂ ಬೇಲೂರಿಗೂ ಪುಡಿ ಹೊತ್ತುಕೊಂಡು ಉಚಿತ ಬಸ್ಸಿನಲ್ಲೇ ಹೋಗಿಬರುತ್ತಾಳೆ. ಬಸ್ಸು ಹತ್ತುವಾಗ ಕಂಡಕ್ಟರ್ ಆಧಾರ್ ನೋಡುತ್ತಾರೆ, ಗಂಡನನ್ನು ಕೇಳುವುದಿಲ್ಲ.

ಗೃಹಲಕ್ಷ್ಮಿಯ 2000 ರೂಪಾಯಿ ಬರುವುದೇ ಮನೆ ಯಜಮಾನಿಯ ಹೆಸರಿಗೆ. 2013ರ ಆಹಾರ ಭದ್ರತಾ ಕಾಯ್ದೆಯಲ್ಲೇ ಇದೆ, ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಣ್ಣುಮಗಳೇ ಕುಟುಂಬದ ಮುಖ್ಯಸ್ಥೆ ಅಂತ. ಆ ಕಾರ್ಡಿನ ಜೆರಾಕ್ಸ್ ಅವರ ಮೇಜಿನ ಮೇಲೇ ಇತ್ತು. ಯಜಮಾನಿ ಎದುರಿಗೇ ಕೂತಿದ್ದಾಳೆ, ಇವರು ಯಜಮಾನರನ್ನು ಹುಡುಕುತ್ತಿದ್ದಾರೆ!

ಉದ್ಯೋಗಿನಿ ಹೊಸದೇನಲ್ಲ. 1997-98ರಿಂದ ಇದೆ. ಮಹಿಳಾ ಅಭಿವೃದ್ಧಿ ನಿಗಮದ ಯೋಜನೆ. 18ರಿಂದ 55 ವರ್ಷದ ಹೆಂಗಸರಿಗೆ, 3 ಲಕ್ಷದವರೆಗೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇಕಡಾ 50 ಸಬ್ಸಿಡಿ, ಉಳಿದವರಿಗೆ ಶೇಕಡಾ 30, ಹೆಚ್ಚೆಂದರೆ 90,000. ದುಡ್ಡು ಇದೆ, ಯೋಜನೆ ಇದೆ. ಆದರೆ ಸಾಲ ಕೊಡಬೇಕಾದ್ದು ಬ್ಯಾಂಕು. ಆ ಬಾಗಿಲಲ್ಲಿ ಬಂದು ಎಲ್ಲವೂ ನಿಂತುಬಿಡುತ್ತದೆ. ಯಾವ ಸರ್ಕಾರ ಬಂದರೂ ಹೆಂಗಸರಿಗೆ ಅಷ್ಟು ಕೊಟ್ಟೆವು, ಇಷ್ಟು ಕೊಟ್ಟೆವು ಅನ್ನುತ್ತದೆ. ಈ ಬಾಗಿಲಲ್ಲಿ ಏನಾಗುತ್ತದೆ ಅಂತ ಒಂದು ದಿನ ಬಂದು ನಿಂತು ನೋಡಲಿ.

ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳತಿಗೆ ಫೋನ್ ಮಾಡಿ ಹೇಳಿಕೊಂಡೆ. "ಹೆಂಡತಿ ಹೆಸರಲ್ಲಿ ಸಾಲ ತಗೊಂಡು ಗಂಡ ಬೈಕ್ ತಗೋತಾನೆ ಕಣೇ, ಕಂತು ನಿಂತರೆ ನಮ್ಮ ತಲೆಗೆ ಬರುತ್ತೆ" ಎಂದಳು. ಹಾಗೆ ಆಗುತ್ತದೆ, ಒಪ್ಪುತ್ತೇನೆ. ಆದರೆ ಅದಕ್ಕೆ ಮದ್ದು ಅದೇ ಗಂಡನನ್ನು ಕರೆಸಿ ಕೂರಿಸುವುದಾ? ಹೆಂಗಸಿನ ಹತ್ತಿರವೇ ನಾಲ್ಕು ಪ್ರಶ್ನೆ ಜಾಸ್ತಿ ಕೇಳಿದರೆ ಮಿಲ್ಲು ಯಾರದು, ಬೈಕು ಯಾರದು ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಇನ್ನು ಕಂತಿನ ಮಾತು. ಈ ಹುಡುಗಿ ಎಂಟು ವರ್ಷದಿಂದ ಸ್ತ್ರೀಶಕ್ತಿ ಸಂಘದಲ್ಲಿದ್ದಾಳೆ. ಒಂದು ಕಂತೂ ತಪ್ಪಿಸಿಲ್ಲ. ಸಂಘದ ಖಾತೆ ಇರುವುದೂ ಇದೇ ಬ್ಯಾಂಕಿನಲ್ಲಿ!

ನನಗೆ ಇಷ್ಟು ಕೋಪ ಯಾಕೆ ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತು. ನನ್ನ ಟೈಲರಿಂಗ್ ಅಂಗಡಿಗೆ ಸಾಲ ತೆಗೆದಾಗ ನಮ್ಮೆಜಮಾನರು ಕುರ್ಚಿಯಲ್ಲಿ ಕೂತಿದ್ದರು, ನಾನು ಪಕ್ಕದಲ್ಲಿ ನಿಂತಿದ್ದೆ. ಎಷ್ಟು ಮಿಷನ್ ಬೇಕು ಅಂತ ಅವರನ್ನು ಕೇಳಿದರು. ಅವರಿಗೆ ಗೊತ್ತಿರಲಿಲ್ಲ, ತಿರುಗಿ ನನ್ನ ಮುಖ ನೋಡಿದರು. ಪಾಪ, ಅವರದ್ದೇನೂ ತಪ್ಪಿಲ್ಲ. ಆದರೆ ನಾನು ಅವತ್ತು ಬಾಯಿಬಿಟ್ಟು ಒಂದು ಮಾತು ಆಡಲಿಲ್ಲ. ಆಡಬೇಕಿತ್ತು. ನಾನು ಸುಮ್ನಿದ್ದಿದ್ದಕ್ಕೇ ಇವತ್ತು ಇವಳನ್ನೂ ಅದೇ ಮಾತು ಕೇಳಿದರೇನೋ ಅನ್ನಿಸಿತು, ಗಂಟಲು ಕಟ್ಟಿತು.

ವಾಪಸ್ ಬರುವಾಗ ಅವಳು, "ಬಿಡಿ ಅಕ್ಕ, ಅವರು ಬಂದಾಗ ರಜೆ ಹಾಕಿಸ್ತೀನಿ" ಎಂದಳು. ಅವನ ಒಂದು ದಿನದ ಸಂಬಳ ಹೋಗುತ್ತದೆ. ಬೇಡ ಎಂದೆ.

ಸೋಮವಾರ ನಾವಿಬ್ಬರೇ ಮತ್ತೆ ಹೋಗುತ್ತೇವೆ. ಸಂಘದ ಪುಸ್ತಕ, ಕೊಟೇಶನ್, ಎರಡು ಪ್ಯಾಕೆಟ್ ಪುಡಿ ತಗೊಂಡು. ಸಣ್ಣ ಸಾಲದ ಅರ್ಜಿ ತಿರಸ್ಕರಿಸಿದರೆ ಕಾರಣ ಬರೆದು ಕೊಡಬೇಕು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಆಗುವುದಿಲ್ಲ ಅಂದರೆ, "ಗಂಡ ಬಂದಿಲ್ಲ, ಅದಕ್ಕೆ ಸಾಲ ಇಲ್ಲ" ಅಂತ ಬರೆದು, ಸೀಲು ಹಾಕಿ ಕೊಡಿ ಎಂದು ಕೇಳುತ್ತೇನೆ. ಈ ಸಲ ಅವಳು ಕುರ್ಚಿಯಲ್ಲಿ ಕೂರುತ್ತಾಳೆ, ನಾನು ನಿಂತಿರುತ್ತೇನೆ.