ಒಂದು ಏಟಿಗೆ ಮೂರು ರಾತ್ರಿ

ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ನೋಡುವ ಧಾರಾವಾಹಿಯೊಂದರಲ್ಲಿ, ಸೊಸೆಯ ಕೆನ್ನೆಗೆ ಬಾರಿಸಲೆಂದು ಅತ್ತೆ ಸೋಮವಾರ ಎತ್ತಿದ ಕೈ ಬುಧವಾರದವರೆಗೂ ಕೆಳಗಿಳಿಯಲಿಲ್ಲ. ಆ ನಡುವೆ ಕ್ಯಾಮೆರಾ ಮನೆಯ ಒಂಬತ್ತು ಮಂದಿಯ ಮುಖಗಳನ್ನೂ ಗುಡುಗಿನಂಥ ಹಿನ್ನೆಲೆ ಸದ್ದಿನೊಂದಿಗೆ ತಲಾ ಮೂರು ಬಾರಿ ತೋರಿಸಿತು. ಮಲಗುವಾಗಲೂ ರೇಷ್ಮೆ ಸೀರೆ, ಜುಮುಕಿ ಕಳಚದ ಆ ಹೆಂಗಸರಿಗೆ ಸೆಕೆಯಾಗುವುದಿಲ್ಲವೇ ಎಂಬುದು ನನ್ನ ಹಳೆಯ ಸಂದೇಹ.

1980ರ ದಶಕದಲ್ಲಿ ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಎಷ್ಟೋ ಬಾರಿ ಅರ್ಧ ಗಂಟೆಯೊಳಗೆ ಇಡೀ ಕತೆಯನ್ನೇ ಹೇಳಿ ಮುಗಿಸುತ್ತಿತ್ತು. ಹಾಗೆಂದು ಉದ್ದವೇ ದೋಷವೆನ್ನಲಾರೆ, ಟಿ. ಎನ್. ಸೀತಾರಾಂ ಅವರ ‘ಮಾಯಾಮೃಗ’ವೂ ದೀರ್ಘವಾಗಿಯೇ ನಡೆದ ಧಾರಾವಾಹಿ. ಆದರೆ ಅಲ್ಲಿನ ಮಧ್ಯಮವರ್ಗದ ಜನರು ನಮ್ಮ ಪಕ್ಕದ ಮನೆಯವರಂತೆ ಮಾತನಾಡುತ್ತಿದ್ದರು, ಮಾತಿನಿಂದ ಕತೆ ಮುಂದಕ್ಕೆ ಸಾಗುತ್ತಿತ್ತು, ಮತ್ತು ಮರುದಿನದ ಕಂತಿಗಾಗಿ ನಾವು ನಿಜವಾಗಿಯೂ ಕಾಯುತ್ತಿದ್ದೆವು.

ಗುರುವಾರ ಕೊನೆಗೂ ಆ ಏಟು ಬಿತ್ತು ಎಂದುಕೊಂಡು ತಟ್ಟೆ ಕೆಳಗಿಟ್ಟು ಕುಳಿತರೆ, ಅದೆಲ್ಲವೂ ಸೊಸೆ ಕಂಡ ಕನಸಂತೆ.